ಬೀಗದ ಕೈ ಯಾರ ಹತ್ರ ಇದೆ?

ಮೊನ್ನೆ ಆಫೀಸಿನಲ್ಲಿ ಊಟ ಮಾಡ್ತಾ ಗೆಳೆಯನೊಬ್ಬ ಕೇಳಿದ, "ಈ ಕಾಲದಲ್ಲಿ ಲೈಬ್ರರಿಗೆ ಯಾರಪ್ಪಾ ಹೋಗ್ತಾರೆ? ಎಲ್ಲಾ ಫೋನಲ್ಲೇ ಇದೆಯಲ್ಲ." ಸುತ್ತ ಕೂತವರೆಲ್ಲ ತಲೆ ಆಡಿಸಿದರು. ನಾನು ಮಾತ್ರ ಮೊಸರನ್ನ ಕಲೆಸ್ತಾ ಸುಮ್ಮನಿದ್ದೆ. ಮೂರು ವರ್ಷದ ಹಿಂದೆ ಇದೇ ಮಾತನ್ನ ನಾನೇ ಮೈಕು ಹಿಡಿದು ಹೇಳಿದ್ದೆ. ಆ ಕಥೆ ಮೊದಲು ಹೇಳಿಬಿಡ್ತೀನಿ, ಬೈಯೋದು ಆಮೇಲೆ.

ಆಗ ಕೆಲಸ ಮಾಡ್ತಿದ್ದ ಕಂಪನಿಯ ಸಿಎಸ್‌ಆರ್ ದುಡ್ಡಿನಲ್ಲಿ ನಮ್ಮೂರಿನ ಪಂಚಾಯಿತಿ ಗ್ರಂಥಾಲಯಕ್ಕೆ ಎರಡು ಕಂಪ್ಯೂಟರ್, ಒಂದು ದೊಡ್ಡ ಟಿವಿ, ಒಂದು ಯುಪಿಎಸ್ ಕೊಡಿಸಿದ್ವಿ. ಟೇಪು ಕತ್ತರಿಸಿದ್ದಾಯ್ತು, ಶಾಲು, ಪೇಟ, ಗ್ರೂಪ್ ಫೋಟೋ ಎಲ್ಲಾ ಆಯ್ತು. "ಜಗತ್ತಿನ ಜ್ಞಾನವೆಲ್ಲ ಇನ್ನು ನಿಮ್ಮ ಅಂಗೈಯಲ್ಲಿ" ಅಂತ ನಾನೇ ಭಾಷಣ ಬಿಗಿದೆ. ನಮ್ಮಪ್ಪ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ಹೊಡೆದರು.

ಮುಂದಿನ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ, ಹಬ್ಬದ ಮುಂಚಿನ ದಿನ ಸಂಜೆ ಐದೂವರೆಗೆ ಆ ಕಡೆ ಹಾದುಹೋದೆ. ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಒಂದು ಹುಡುಗಿ, ಎಂಟನೇ ಕ್ಲಾಸಿರಬಹುದು, ನೋಟ್‌ಬುಕ್ ತೊಡೆ ಮೇಲಿಟ್ಟುಕೊಂಡು ಬರೀತಾ ಕೂತಿದ್ದಳು. ನನ್ನ ನೋಡಿ ಎದ್ದು ನಿಂತು ಕೇಳಿದಳು. "ಅಣ್ಣಾ, ಕಂಪ್ಯೂಟ್ರು ಕೊಟ್ಟೋರು ನೀವೇ ಅಲ್ವಾ? ಇದ್ರ ಬೀಗದ ಕೈ ನಿಮ್ಮತ್ರ ಇದ್ಯಾ?"

ಇರಲಿಲ್ಲ.

ಹಬ್ಬ ಮುಗಿಸಿಕೊಂಡು ಹನ್ನೊಂದು ಗಂಟೆ ಹೊತ್ತಿಗೆ ಮತ್ತೆ ಹೋದೆ. ಬಾಗಿಲು ತೆಗೆದಿತ್ತು. ಕಂಪ್ಯೂಟರಿಗೆ ಹಳೇ ಸೀರೆಯಲ್ಲಿ ಹೊಲಿದ ಗವಸು, ಅದರ ಮೇಲೆ ಧೂಳು. ಇಂಟರ್‌ನೆಟ್ ಬಿಲ್ಲು ಕಟ್ಟದೆ ಲೈನು ಕಟ್ಟಾಗಿ ಆರು ತಿಂಗಳು. ಮೂಲೆಯಲ್ಲಿ ಸಗಟು ಖರೀದಿಯಲ್ಲಿ ಬಂದ ಪುಸ್ತಕಗಳು, ಕಟ್ಟಿದ ಹುರಿ ಬಿಚ್ಚದೆ ಹಾಗೇ ಇದ್ದವು. ಬಾಗಿಲ ಪಕ್ಕದ ಬೋರ್ಡಿನಲ್ಲಿ ಸೇವೆಗಳ ಪಟ್ಟಿ ಬಣ್ಣದಲ್ಲಿ ಬರೆದಿತ್ತು. ಪುಸ್ತಕ ಎರವಲು, ದಿನಪತ್ರಿಕೆ, ಮಕ್ಕಳ ವಿಭಾಗ, ಡಿಜಿಟಲ್ ಗ್ರಂಥಾಲಯ. ಅದರ ಕೆಳಗೆ "ಮುಂದಿನ ಕಾರ್ಯಕ್ರಮಗಳು" ಅಂತ ಒಂದು ಚೌಕ. ಅದರಲ್ಲಿ ಹಿಂದಿನ ವರ್ಷದ ನವೆಂಬರ್ 14ರ ಗ್ರಂಥಾಲಯ ಸಪ್ತಾಹದ ಸೀಮೆಸುಣ್ಣದ ಅಕ್ಷರ ಅರ್ಧ ಅಳಿಸಿತ್ತು.

ಮೇಲ್ವಿಚಾರಕರು ನನಗೆ ದೂರದ ನೆಂಟರು. ಸಂಜೆ ಯಾಕೆ ತೆಗೆಯಲ್ಲ ಅಂದೆ. "ನೋಡಪ್ಪಾ, ಸಂಬಳ ಕಂಡು ನಾಲ್ಕು ತಿಂಗ್ಳಾಯ್ತು. ಸಾಯಂಕಾಲ ಡೈರೀಲಿ ಹಾಲು ಅಳೀತೀನಿ. ಅದೂ ಬುಡು ಅಂತೀಯಾ?" ನಾನೇನು ಅನ್ನಲಿ? ಬಾಯಿ ಮುಚ್ಚಿಕೊಂಡು ಬಂದೆ.

ಈಗ ಲೆಕ್ಕ ಹಾಕಿ. ಸ್ಕೂಲು ಬಿಡೋದು ನಾಲ್ಕು ಗಂಟೆ ಮೇಲೆ. ಮಗು ಮನೆಗೆ ಹೋಗಿ, ಬ್ಯಾಗಿಟ್ಟು, ಎಮ್ಮೆಗೆ ನೀರು ತೋರಿಸಿ ಬರೋಷ್ಟರಲ್ಲಿ ಐದು. ಗ್ರಂಥಾಲಯ ಮುಚ್ಚೋದು ಐದಕ್ಕೆ. ಭಾನುವಾರ ರಜೆ. ಅಂದ್ರೆ ಓದುವವರೆಲ್ಲ ಸ್ಕೂಲಲ್ಲೋ ಹೊಲದಲ್ಲೋ ಇರುವ ಹೊತ್ತಿಗೆ ಸರಿಯಾಗಿ ಇದು ತೆರೆದಿರುತ್ತೆ. ಆಮೇಲೆ ರಿಜಿಸ್ಟರ್ ತೋರಿಸಿ "ನೋಡಿ, ಯಾರೂ ಬರಲ್ಲ" ಅಂತೀವಿ. ನನ್ನ ಕೆಲಸದ ಭಾಷೇಲಿ ಹೇಳೋದಾದ್ರೆ, ಜನ ಲಾಗಿನ್ ಆಗುವ ಹೊತ್ತಿಗೆ ಸರ್ವರ್ ಆಫ್ ಮಾಡಿಟ್ಟು, ಟ್ರಾಫಿಕ್ಕೇ ಇಲ್ಲ ಅಂತ ಮ್ಯಾನೇಜರಿಗೆ ರಿಪೋರ್ಟ್ ಕಳಿಸಿದ ಹಾಗೆ. ಆ ಕೆಲಸ ನಾನು ಮಾಡಿದ್ರೆ ಮಾರನೇ ದಿನ ಮನೆಗೆ ಕಳಿಸ್ತಾರೆ.

ದುಡ್ಡಿಲ್ಲ ಅಂತೀರಾ? ಬೆಂಗಳೂರಲ್ಲಿ ಸ್ವಂತ ಸೂರಿದ್ದರೆ ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ತೆರಿಗೆ ಮೇಲೆ ಶೇ. 6 ಗ್ರಂಥಾಲಯ ಕರ. 8,000 ರೂಪಾಯಿ ತೆರಿಗೆ ಕಟ್ಟುವವನು 480 ರೂಪಾಯಿ ಲೈಬ್ರರಿಗೆ ಅಂತಲೇ ಕಟ್ಟುತ್ತಾನೆ. ಒಂದು ಕಾರ್ಡೂ ಮಾಡಿಸಿರಲ್ಲ, ಅದು ಬೇರೆ ಮಾತು. ಇದು ನಿನ್ನೆ ಮೊನ್ನೆ ಹುಟ್ಟಿದ ಕರವಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಗ್ರಂಥಾಲಯದ ಹೆಸರಲ್ಲಿ ವಸೂಲಾದ ದುಡ್ಡು ಗ್ರಂಥಾಲಯಕ್ಕೆ ಸೇರದೆ ಬಾಕಿ ಉಳಿದಿದೆ ಅನ್ನೋ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತೆ. ನಾವು ಆ ಪುಟ ತಿರುಗಿಸಿ ಕ್ರಿಕೆಟ್ ನೋಡ್ತೀವಿ.

ಇನ್ನು ಹಳ್ಳಿ ಲೆಕ್ಕ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನ, ಐದು ಸಾವಿರಕ್ಕೂ ಹೆಚ್ಚು, ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಮಾರನೇ ವರ್ಷ 'ಓದುವ ಬೆಳಕು' ಬಂತು, ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಆಯ್ತು. ನಿಜ ಹೇಳ್ಬೇಕು, ಕೆಲವು ಊರುಗಳಲ್ಲಿ ಚೆನ್ನಾಗೇ ನಡೀತಿದೆ. ಗೋಡೆಗೆ ಬಣ್ಣ, ಚೆಸ್ಸು, ಕೇರಂ, ಮಕ್ಕಳ ಗಲಾಟೆ. ಹೋಗಿ ನೋಡಿದ್ದೀನಿ, ಹೊಟ್ಟೆ ಉರಿದಿದೆ. ಪಕ್ಕದೂರಲ್ಲಿ ಆಗೋದು ನಮ್ಮೂರಲ್ಲಿ ಯಾಕೆ ಆಗಲ್ಲ?

ನಮ್ಮಂಥ ಇಂಜಿನಿಯರುಗಳಿಗೆ ಪ್ರತಿ ರೋಗಕ್ಕೂ ಒಂದೇ ಮಾತ್ರೆ, ಆ್ಯಪ್. 1931ರಲ್ಲಿ ಎಸ್. ಆರ್. ರಂಗನಾಥನ್ ಗ್ರಂಥಾಲಯದ ಐದು ಸೂತ್ರ ಬರೆದರು. ಮೊದಲು ಮದ್ರಾಸಲ್ಲಿ ಗಣಿತದ ಮೇಷ್ಟ್ರು, ಕೊನೆಗಾಲ ಕಳೆದದ್ದು ನಮ್ಮ ಬೆಂಗಳೂರಲ್ಲೇ. ಮೊದಲ ಸೂತ್ರ, ಪುಸ್ತಕ ಇರೋದು ಬಳಸೋಕೆ. ಇಷ್ಟೇನಾ ಅನ್ನಿಸುತ್ತೆ. ಆದರೆ ಅದನ್ನ ವಿವರಿಸುವಾಗ ಅವರು ಮಾತಾಡೋದು ಯಾವುದರ ಬಗ್ಗೆ ಗೊತ್ತಾ? ಹಿಂದಿನ ಕಾಲದಲ್ಲಿ ಪುಸ್ತಕಕ್ಕೆ ಸರಪಳಿ ಹಾಕಿ ಕಟ್ಟುತ್ತಿದ್ದುದರ ಬಗ್ಗೆ, ಗ್ರಂಥಾಲಯ ಊರಲ್ಲಿ ಎಲ್ಲಿರಬೇಕು ಅನ್ನೋದರ ಬಗ್ಗೆ, ಎಷ್ಟು ಹೊತ್ತು ತೆರೆದಿರಬೇಕು, ಕುರ್ಚಿ ಮೇಜು ಹೇಗಿರಬೇಕು, ನೋಡಿಕೊಳ್ಳುವವನ ಸಂಬಳ ಎಷ್ಟಿರಬೇಕು ಅನ್ನೋದರ ಬಗ್ಗೆ. ಅದೇ 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿ ಸುತ್ತ ಎತ್ತಿನ ಗಾಡಿ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿ ಹಳ್ಳಿಗೆ ಹೋಗ್ತಿದ್ದರು. ಆ ಗಾಡಿಗೆ ಪಾಸ್‌ವರ್ಡ್ ಬೇಕಿರಲಿಲ್ಲ.

ಫೋನಲ್ಲಿ ಎಲ್ಲಾ ಇದೆ, ಒಪ್ಪೋಣ. ಆ ಹುಡುಗಿ ಮನೆಯಲ್ಲಿ ಫೋನ್ ಒಂದೇ. ಅದು ಅಪ್ಪನ ಜೇಬಲ್ಲಿ, ಅಪ್ಪ ಬರೋದು ರಾತ್ರಿ ಒಂಬತ್ತಕ್ಕೆ. ಅವಳಣ್ಣ ಅರಳಿಕಟ್ಟೆಗೆ ಹೋಗಬಹುದು, ಕ್ರಿಕೆಟ್ ಆಡಬಹುದು, ಟೀ ಅಂಗಡಿ ಬೆಂಚಲ್ಲಿ ಪೇಪರ್ ಓದಬಹುದು. ಅವಳು ಸಂಜೆ ಮನೆ ಬಿಟ್ಟು "ಎಲ್ಲಿಗೆ?" ಅಂದ್ರೆ ಉತ್ತರ ಕೊಟ್ಟು ಹೋಗಬಹುದಾದ ಜಾಗ ಊರಲ್ಲಿ ಎರಡೇ, ದೇವಸ್ಥಾನ ಮತ್ತು ಗ್ರಂಥಾಲಯ. ಎರಡನೆಯದಕ್ಕೆ ಬೀಗ. ಬೀಗ ಇಲ್ಲದ ಎಷ್ಟೋ ಕಡೆ ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ. ತಾಲೂಕು ಕೇಂದ್ರದ ಲೈಬ್ರರಿಗೆ ಬೆಳಗ್ಗೆ ಹೋಗಿ ನೋಡಿ. ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವವರು ತಮ್ಮ ಗೈಡು ತಾವೇ ತಂದು ಜಾಗ ಹಿಡಿದಿರ್ತಾರೆ. ಅವರಿಗೆ ಬೇಕಿರೋದು ಒಂದು ಕುರ್ಚಿ, ಒಂದು ಫ್ಯಾನು, ಗದ್ದಲ ಇಲ್ಲದ ನಾಲ್ಕು ಗಂಟೆ. ಯಾರು ಲೈಬ್ರರಿಗೆ ಹೋಗ್ತಾರೆ ಅಂತ ಕೇಳಿದ ಗೆಳೆಯ ಇದನ್ನ ನೋಡಿಲ್ಲ.

ನಾನು ಓದಿದ್ದೂ ಹೀಗೊಂದು ಜಾಗದಲ್ಲೇ. ಆಗ ಊರಿನ ಲೈಬ್ರರಿ ಮೇಲ್ವಿಚಾರಕರ ಮನೆ ಜಗಲಿಯಲ್ಲಿತ್ತು. ಒಂದು ಬೀರು, ಒಂದು ಬೆಂಚು, ಒಂದು ನಲವತ್ತು ಕ್ಯಾಂಡಲ್ ಬಲ್ಬು. ಅವರಿಗೂ ಸಿಗ್ತಿದ್ದದ್ದು ಪುಡಿಗಾಸೇ. ಆದ್ರೆ ಜಗಲಿಗೆ ಬೀಗ ಹಾಕೋಕೆ ಬರಲ್ವಲ್ಲ! 'ಬಾಲಮಂಗಳ'ದಿಂದ ಶುರುವಾಗಿ ಒಂಬತ್ತನೇ ಕ್ಲಾಸಿಗೆ ತೇಜಸ್ವಿಯವರ 'ಕರ್ವಾಲೋ'ಗೆ ಬಂದೆ, ರಾತ್ರಿ ಎಂಟರವರೆಗೂ ಅಲ್ಲೇ. ಒಳಗಿಂದ ಅವರ ಹೆಂಡತಿ "ಊಟಕ್ಕೆ ಹೋಗ್ರೋ" ಅಂತ ಬೈದಾಗಲೇ ಮುಚ್ಚುತ್ತಿದ್ದುದು. ಹಾಗಂತ ಆ ಕಾಲ ಚೆಂದ ಅಂತ ಹಾಡೋಕೆ ನಾನು ತಯಾರಿಲ್ಲ. ಒಬ್ಬರ ಒಳ್ಳೆಯತನದ ಮೇಲೆ, ಅವರ ಹೆಂಡತಿಯ ತಾಳ್ಮೆ ಮೇಲೆ ಸರ್ಕಾರಿ ಸೇವೆ ನಡೀಬಾರದು. ಈಗಲೂ ನಾವು ಮಾಡೋದು ಅದನ್ನೇ. ಮೈಸೂರಿನಲ್ಲಿ ಕೂಲಿ ಮಾಡುವ ಸೈಯದ್ ಇಸಾಕ್ ಕಟ್ಟಿದ್ದ ಗ್ರಂಥಾಲಯ 2021ರಲ್ಲಿ ಬೆಂಕಿಗೆ ಹೋದಾಗ ದೇಶವೆಲ್ಲ ಮರುಗಿತು. ನಾನೂ ದುಡ್ಡು ಕಳಿಸಿದೆ. ಆದರೆ ಕೂಲಿಯವರೊಬ್ಬರು ತಮ್ಮ ದುಡಿಮೆಯಲ್ಲಿ ಊರಿಗೆ ಲೈಬ್ರರಿ ನಡೆಸಬೇಕಾಗಿ ಬಂದದ್ದು ಯಾಕೆ ಅಂತ ಎಷ್ಟು ಜನ ಕೇಳಿದ್ವಿ?

ಆ ಖಾಲಿ ಚೌಕ ತುಂಬಿಸೋಕೆ ಲಕ್ಷ ಬೇಡ. ಸೋಬಾನೆ ಅಜ್ಜಿಯನ್ನ ಒಂದು ಸಂಜೆ ಕರೆದು ಕಥೆ ಹೇಳಿಸಿ. ಪಶುವೈದ್ಯರು ಕಾಲುಬಾಯಿ ರೋಗದ ಬಗ್ಗೆ ಅರ್ಧ ಗಂಟೆ ಮಾತಾಡಲಿ. ಎಸ್ಸೆಸ್ಸೆಲ್ಸಿ ಹುಡುಗರಿಗೆ ಗಣಿತ ಹೇಳೋಕೆ ನಿವೃತ್ತ ಮೇಷ್ಟ್ರಿದ್ದಾರೆ, ಕೇಳಿದವರಿಲ್ಲ ಅಷ್ಟೆ. ಪಿಂಚಣಿ ಅರ್ಜಿ ತುಂಬಿಸೋಕೆ ಊರಿನ ಮುದುಕರು ತಾಲೂಕು ಆಫೀಸಿನ ಮುಂದೆ ದುಡ್ಡು ಕೊಡ್ತಾರೆ, ಅದನ್ನ ಇಲ್ಲೇ ಮಾಡಿಕೊಡಬಹುದು. ಇದಕ್ಕೆಲ್ಲ ಸಂಜೆ ಬಾಗಿಲು ತೆಗೆಯಲು ಒಬ್ಬರು ಬೇಕು, ಅವರಿಗೆ ತಿಂಗಳು ತಿಂಗಳು ಸಂಬಳ ಬೇಕು. ನನ್ನ ಸಿಎಸ್‌ಆರ್ ಪಟ್ಟಿಯಲ್ಲಿ ಇವೆರಡೂ ಇರಲಿಲ್ಲ. ಸಂಬಳಕ್ಕೆ ಟೇಪು ಕಟ್ಟಿ ಕತ್ತರಿಸೋಕೆ ಆಗಲ್ಲ, ಫೋಟೋನೂ ಬರಲ್ಲ.

ಮುಂದಿನ ಗ್ರಾಮಸಭೆಗೆ ರಜೆ ಹಾಕಿದ್ದೀನಿ. ಅರ್ಜಿ ಬರೆದಾಗಿದೆ. ಗ್ರಂಥಾಲಯ ಸಂಜೆ ನಾಲ್ಕೂವರೆಯಿಂದ ಎಂಟರವರೆಗೆ ಮತ್ತು ಭಾನುವಾರ ತೆರೆದಿರಬೇಕು. ಮೇಲ್ವಿಚಾರಕರ ಬಾಕಿ ಸಂಬಳ ಯಾವ ತಾರೀಕಿಗೆ ಕೊಡ್ತೀರಿ ಅಂತ ಬರೆದು ತಿಳಿಸಬೇಕು. ಕೆಳಗೆ ನನ್ನ ಸಹಿ, ಅಪ್ಪನ ಸಹಿ, ಇನ್ನೂ ಹನ್ನೊಂದು ಜನರ ಸಹಿ ಇದೆ. ಆ ಹುಡುಗಿಗೆ ಸಹಿ ಹಾಕುವ ವಯಸ್ಸಿಲ್ಲ. ಅವಳಮ್ಮ ಹೆಬ್ಬೆಟ್ಟು ಒತ್ತಿದ್ದಾರೆ.