ಬೋರ್ ನೀರು, ಆದಿವಾಸಿ ಎಣ್ಣೆ, ರೇಷ್ಮೆ ಶಾಂಪೂ: ಕೂದಲಿಗೆ ನಿಜವಾಗಿ ಬೇಕಿರುವುದೇನು?

"ಬೋರ್‌ವೆಲ್ ನೀರಲ್ಲಿ ತಲೆಗೆ ಸ್ನಾನ ಮಾಡಿದರೆ ಆರು ತಿಂಗಳಲ್ಲಿ ತಲೆ ಬೋಳು." "ರೇಷ್ಮೆ ಪ್ರೋಟೀನ್ ಇರುವ ಶಾಂಪೂ ಕೂದಲಿನ ಬೇರಿಗೆ ಆಹಾರ ಕೊಡುತ್ತದೆ." "ಈ ಎಣ್ಣೆ ಹಚ್ಚಿ, 45 ದಿನದಲ್ಲಿ ಮೊಣಕಾಲಿನವರೆಗೆ ಜಡೆ." ಇಂಥ ಮೆಸೇಜುಗಳು ನಿಮ್ಮ ಮೊಬೈಲಿಗೂ ಬಂದಿರುತ್ತವೆ. ಕೆಲವನ್ನು ನೀವೇ ಫಾರ್ವರ್ಡ್ ಮಾಡಿರಲೂಬಹುದು. ಇವುಗಳಲ್ಲಿ ಯಾವುದು ಎಷ್ಟು ನಿಜ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಏಕೆಂದರೆ ರೇಷ್ಮೆ ಹುಳು ಸಾಕುವವರು, ನೂಲು ಬಿಚ್ಚುವವರು ಅಲ್ಲಿ ಊರೂರಿಗೂ ಇದ್ದಾರೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಏಷ್ಯಾದಲ್ಲೇ ದೊಡ್ಡದು ಎಂಬ ಹೆಸರಿದೆ. ಅಲ್ಲಿಗೆ ಗೂಡು ತರುವ ಯಾವ ರೈತರನ್ನಾದರೂ ಕೇಳಿ, ನೂಲು ಚೆನ್ನಾಗಿ ಬರಬೇಕೆಂದರೆ ಏನು ಮಾಡಬೇಕು ಎಂದು. ಒಳ್ಳೆಯ ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಹುಳುವಿಗೆ ರೋಗ ಬರದಂತೆ ನೋಡಿಕೊಳ್ಳಬೇಕು ಎನ್ನುತ್ತಾರೆ. ಹುಳು ಹಣ್ಣಾಗಿ ಚಂದ್ರಿಕೆ ಏರಿ ಗೂಡು ಕಟ್ಟಿದ ಮೇಲೆ ಆ ಗೂಡಿನ ಮೇಲೆ ಸೊಪ್ಪಿನ ರಸ ಸುರಿದರೆ ನೂಲು ಗಟ್ಟಿಯಾಗುತ್ತದೆ ಎಂದು ಯಾರೂ ನಂಬುವುದಿಲ್ಲ.

ಕೂದಲೂ ಹಾಗೆಯೇ. ಚರ್ಮದೊಳಗೆ ಸುಮಾರು 3-4 ಮಿ.ಮೀ. ಆಳದಲ್ಲಿ ಇರುವ ಬೇರು ಮಾತ್ರ ಜೀವಂತ. ಅದಕ್ಕೆ ರಕ್ತ ಹರಿಯುತ್ತದೆ, ಊಟ ತಲುಪುತ್ತದೆ, ಕಾಯಿಲೆಯೂ ತಟ್ಟುತ್ತದೆ. ಚರ್ಮದಿಂದ ಹೊರಗೆ ಬಂದ ಕೂದಲು ಕೆರಟಿನ್ ಎಂಬ ಪ್ರೋಟೀನಿನ ಸತ್ತ ಎಳೆ. ಕತ್ತರಿಸಿದರೆ ನೋಯದಿರುವುದು ಅದಕ್ಕೇ. ಹಾಗಾಗಿ ಕೂದಲ ಆರೈಕೆಯೆಂದರೆ ಎರಡು ಬೇರೆ ಬೇರೆ ಕೆಲಸ. ಒಂದು, ಬೇರನ್ನು ಸಾಕುವುದು. ಇನ್ನೊಂದು, ಹೊರಗೆ ಬಂದ ಎಳೆಯನ್ನು ಹಾಳು ಮಾಡದೆ ಕಾಪಾಡುವುದು. ಫಾರ್ವರ್ಡ್ ಮೆಸೇಜುಗಳು ಹೆಚ್ಚಾಗಿ ಈ ಎರಡನ್ನೂ ಕಲಸಿಬಿಡುತ್ತವೆ.

ಬೋರ್ ನೀರಿನಿಂದ ಕೂದಲು ಉದುರುತ್ತದೆಯೇ?

ಮೊದಲು ನೀರಿನ ಮಾತು. ಈ ಭಾಗದ ಕಲ್ಲುಬಂಡೆಯ ನೆಲದಲ್ಲಿ ಆಳದಿಂದ ಎತ್ತುವ ನೀರಿನಲ್ಲಿ ಹಲವೆಡೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಜಾಸ್ತಿ. ಸ್ನಾನದ ಹಂಡೆಯ ಒಳಗೆ, ಗೀಸರ್ ಕಾಯಿಲಿನ ಮೇಲೆ ಬಿಳಿ ಪದರ ಕಟ್ಟುವುದು ಇದರಿಂದಲೇ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪಬಹುದು.

ಗಡಸು ನೀರು ಕೂದಲಿಗೆ ಏನು ಮಾಡುತ್ತದೆ ಎಂದು ಕೊಯಮತ್ತೂರಿನ ಚರ್ಮವೈದ್ಯರು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. 15 ಹೆಂಗಸರ ಕೂದಲನ್ನು ತೆಗೆದುಕೊಂಡು, ಒಂದು ಭಾಗವನ್ನು ಗಡಸು ನೀರಿನಲ್ಲೂ ಇನ್ನೊಂದು ಭಾಗವನ್ನು ಶುದ್ಧ ನೀರಿನಲ್ಲೂ ನೆನೆಸಿ, ಎಳೆದರೆ ಎಷ್ಟು ತಡೆಯುತ್ತದೆ ಎಂದು ನೋಡಿದರು. ಗಣನೀಯ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಪಾಕಿಸ್ತಾನದ ಪೆಶಾವರದಲ್ಲಿ 70 ಗಂಡಸರ ಕೂದಲಿನ ಮೇಲೆ ಇಂಥದ್ದೇ ಪರೀಕ್ಷೆ ನಡೆದಾಗ ಫಲಿತಾಂಶ ಬೇರೆ ಬಂತು: ಗಡಸು ನೀರಿನಲ್ಲಿ ಕೂದಲಿನ ಬಲ ಕಡಿಮೆಯಾಗಿತ್ತು. ಕೊಯಮತ್ತೂರಿನ ಪರೀಕ್ಷೆಯಲ್ಲಿ ನೀರಿನ ಗಡಸುತನ 200ರ ಆಸುಪಾಸಿನಲ್ಲಿತ್ತು, ಅಂದರೆ ಅಷ್ಟೇನೂ ಗಡಸಲ್ಲ ಎಂಬುದನ್ನೂ ಗಮನಿಸಬೇಕು.

ಎರಡೂ ಪರೀಕ್ಷೆಗಳಲ್ಲಿ ಒಂದು ಸಮಾನ ಅಂಶವಿದೆ. ಇಬ್ಬರೂ ನೋಡಿದ್ದು ಕತ್ತರಿಸಿದ ಕೂದಲನ್ನು, ಅಂದರೆ ನೂಲನ್ನು. ನೀರಿನ ಲವಣ ಎಳೆಯ ಮೇಲೆ ಕೂತು ಅದನ್ನು ಒರಟು ಮಾಡಬಹುದು, ಸಿಕ್ಕು ಹೆಚ್ಚಿಸಬಹುದು, ಬಾಚುವಾಗ ಮಧ್ಯದಲ್ಲಿ ತುಂಡಾಗುವಂತೆ ಮಾಡಬಹುದು. ಆದರೆ ಬೇರನ್ನು ಸಾಯಿಸಿ ತಲೆ ಬೋಳು ಮಾಡುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.

ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಚಿಕ್ಕ ಬಿಳಿ ಗುಂಡು ಇದ್ದರೆ ಅದು ಬೇರಿನಿಂದ ಉದುರಿದ್ದು. ಗುಂಡು ಇಲ್ಲದೆ, ಉದ್ದವೂ ಕಡಿಮೆ ಇದ್ದರೆ ಅದು ಮುರಿದದ್ದು. ಮುರಿದದ್ದಾದರೆ ನೀರು, ಸೋಪು, ಬಾಚುವ ರೀತಿ ಇವುಗಳನ್ನು ಅನುಮಾನಿಸಬಹುದು. ಬೇರಿನಿಂದ ಉದುರಿದ್ದಾದರೆ ನೀರಿನ ಮೇಲೆ ಗೂಬೆ ಕೂರಿಸಿ ಪ್ರಯೋಜನವಿಲ್ಲ.

ಗಡಸು ನೀರಿನವರಿಗೆ ದೊಡ್ಡ ಶತ್ರು ಬಟ್ಟೆ ಸೋಪು, ಮೈ ಸೋಪು. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಜಿಗುಟಾದ ಗಷ್ಟು ಆಗುತ್ತದೆ, ಅದು ಕೂದಲಿಗೆ ಅಂಟಿಕೊಳ್ಳುತ್ತದೆ. ಸೀಗೆಕಾಯಿ, ಅಂಟುವಾಳದ ನೊರೆ ಬೇರೆ ಜಾತಿಯದು. ಅದು ಗಡಸು ನೀರಿನಲ್ಲಿ ಹಾಗೆ ಗಷ್ಟಾಗುವುದಿಲ್ಲ. ಶಾಂಪೂಗಳೂ ಅಷ್ಟೆ. ಅಜ್ಜಿಯರು ಸೀಗೆಪುಡಿ ಬಿಡದಿದ್ದುದರಲ್ಲಿ ಅರ್ಥವಿತ್ತು. ಆದರೆ ಪುಡಿ ನುಣ್ಣಗಿರಬೇಕು, ತರಿತರಿಯಾಗಿದ್ದರೆ ಅದೇ ಕೂದಲನ್ನು ಉಜ್ಜಿ ಹಾಕುತ್ತದೆ. ಕೊನೆಯ ಚೊಂಬು ನೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ ತೊಳೆದರೆ ಲವಣದ ಪದರ ಸ್ವಲ್ಪ ಬಿಡುತ್ತದೆ. ಮಳೆಗಾಲದಲ್ಲಿ ಹೆಂಚಿನಿಂದ ಇಳಿಯುವ ನೀರನ್ನು ಹಿಡಿದಿಟ್ಟರೆ ಇನ್ನೂ ಒಳ್ಳೆಯದು.

ರೇಷ್ಮೆ ಪ್ರೋಟೀನಿನ ಕಥೆ

ರೇಷ್ಮೆ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ. ಒಳಗಿನ ಗಟ್ಟಿ ಎಳೆ ಫೈಬ್ರಾಯಿನ್. ಅದಕ್ಕೆ ಅಂಟಿರುವ ಗೋಂದು ಸೆರಿಸಿನ್, ಇದು ಎಳೆಯ ತೂಕದಲ್ಲಿ ಶೇ 20ರಿಂದ 30ರಷ್ಟು. ಬಿಸಿನೀರಿನಲ್ಲಿ ಗೂಡು ಬೇಯಿಸಿದಾಗ ಈ ಗೋಂದು ಸಡಿಲವಾಗುವುದರಿಂದಲೇ ನೂಲಿನ ತುದಿ ಸಿಗುವುದು. ಶಾಂಪೂ, ಕಂಡಿಷನರ್‌ಗಳಿಗೆ ಹಾಕುವುದು ಈ ಪ್ರೋಟೀನುಗಳನ್ನು ಚೂರು ಮಾಡಿದ ರೂಪ. ಅವು ಕೂದಲಿನ ಮೇಲೆ ತೆಳುವಾಗಿ ಕೂತು ನುಣುಪು, ಹೊಳಪು ಕೊಡುತ್ತವೆ. ಅಷ್ಟು ನಿಜ. ಮುಂದಿನ ಸ್ನಾನದಲ್ಲಿ ಹೆಚ್ಚಿನಂಶ ತೊಳೆದುಹೋಗುತ್ತದೆ. ಬೇರಿಗೆ ಅದು ಆಹಾರವಲ್ಲ, ಆಗಲೂ ಸಾಧ್ಯವಿಲ್ಲ. ಮೊಟ್ಟೆ ಹಚ್ಚುವುದೂ ಹೀಗೆಯೇ. ಕೂದಲಿಗೆ ಮೊಟ್ಟೆಯ ಪ್ರೋಟೀನ್ ಸಿಗಬೇಕಾದರೆ ಅದು ಬಾಯಿಯ ದಾರಿಯಲ್ಲೇ ಹೋಗಬೇಕು.

ಎಣ್ಣೆಯ ವಿಷಯ

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದ 'ಆದಿವಾಸಿ ಹೇರ್ ಆಯಿಲ್' ಇಂದು ದೇಶಕ್ಕೆಲ್ಲ ಗೊತ್ತು. ಹಿಂದಿ ಟಿವಿಯವರಿಂದ ಹಿಡಿದು ಯೂಟ್ಯೂಬರ್‌ಗಳವರೆಗೆ ಪ್ರಚಾರದ ವಿಡಿಯೊ ಮಾಡಿದ್ದಾರೆ. 108 ಗಿಡಮೂಲಿಕೆಗಳಿಂದ ಮಾಡಿದ್ದು ಎಂಬುದು ಅದರ ಹೆಗ್ಗಳಿಕೆ. ಈ ಸಮುದಾಯದವರು ಮೂಲಿಕೆ ಎಣ್ಣೆ ಮಾರಲು ಆಫ್ರಿಕಾದವರೆಗೂ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡು ಸುದ್ದಿಯಾಗಿತ್ತು. ಅವರ ದುಡಿಮೆಯ ಬಗ್ಗೆ ಹಗುರವಾಗಿ ಮಾತಾಡುವುದು ಬೇಡ. ಪ್ರಶ್ನೆ ಇರುವುದು ಎಣ್ಣೆ ಏನು ಮಾಡುತ್ತದೆ ಎಂಬುದು.

ಲೆಕ್ಕ ಹಾಕಿ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. 45 ದಿನಕ್ಕೆ ಒಂದೂವರೆ ಸೆಂ.ಮೀ. ಸೊಂಟದಿಂದ ಮೊಣಕಾಲಿಗೆ 60 ಸೆಂ.ಮೀ. ಎಂದುಕೊಂಡರೂ ಐದು ವರ್ಷ ಬೇಕು. ಒಂದು ಕೂದಲು ಎಷ್ಟು ವರ್ಷ ಬೆಳೆಯುತ್ತಲೇ ಇರುತ್ತದೆ ಎಂಬುದು, ಸಾಮಾನ್ಯವಾಗಿ 2ರಿಂದ 6 ವರ್ಷ, ಮುಖ್ಯವಾಗಿ ವಂಶದಿಂದ ಬರುವ ಗುಣ. ವಿಡಿಯೊದಲ್ಲಿ ಮೊಣಕಾಲುದ್ದ ಜಡೆ ಬಿಟ್ಟವರನ್ನು ಮಾತ್ರ ನಿಲ್ಲಿಸುತ್ತಾರೆ. ಅದೇ ಎಣ್ಣೆ ಹಚ್ಚಿಯೂ ಭುಜ ದಾಟದವರು ಕ್ಯಾಮೆರಾ ಮುಂದೆ ಬರುವುದಿಲ್ಲ. ಅಂದಹಾಗೆ, ಬೊಕ್ಕತಲೆ ವಾಸಿ ಮಾಡುತ್ತೇವೆ, ಹೊಸ ಕೂದಲು ಹುಟ್ಟಿಸುತ್ತೇವೆ ಎಂದು ಔಷಧ ಮಾರುವಂತಿಲ್ಲ. 1945ರ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ 'ಜೆ' ಅನುಸೂಚಿಯ ಪಟ್ಟಿಯಲ್ಲಿ ಬೊಕ್ಕತಲೆಯೂ ಇದೆ.

ಹಾಗಾದರೆ ಎಣ್ಣೆ ವ್ಯರ್ಥವೇ? ಅಲ್ಲ. 2003ರಲ್ಲಿ ರೇಲೆ ಮತ್ತು ಮೋಹಿಲೆ ಎಂಬ ಇಬ್ಬರು ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದರು. ತೊಳೆಯುವಾಗ, ಬಾಚುವಾಗ ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅದರಲ್ಲಿರುವ ಲಾರಿಕ್ ಆಮ್ಲದ ಕಣಗಳು ಸಣ್ಣವು, ನೇರವಾದವು. ಹಾಗಾಗಿ ಎಳೆಯೊಳಕ್ಕೆ ಇಳಿಯುತ್ತವೆ. ಈ ಸಂಶೋಧಕರು ಕೆಲಸ ಮಾಡುತ್ತಿದ್ದುದು ಕೊಬ್ಬರಿ ಎಣ್ಣೆ ಮಾರುವ ಮ್ಯಾರಿಕೊ ಕಂಪನಿಯಲ್ಲಿ ಎಂಬುದೂ ನೆನಪಿರಲಿ. ಆದರೂ ವಾದ ತರ್ಕಬದ್ಧವಾಗಿದೆ. ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕೂದಲ ಉದ್ದಕ್ಕೂ ಸ್ವಲ್ಪ ಸವರಿದರೆ ಸಾಕು. ಇದು ನೂಲಿನ ಆರೈಕೆ.

ತಲೆಹೊಟ್ಟು ಇರುವವರು ಮಾತ್ರ ರಾತ್ರಿಯೆಲ್ಲ ಎಣ್ಣೆ ಬಿಡಬೇಡಿ. ಹೊಟ್ಟಿಗೆ ಕಾರಣವಾಗುವ ಮಲಸೀಸಿಯಾ ಎಂಬ ಶಿಲೀಂಧ್ರ ಜಿಡ್ಡನ್ನೇ ತಿಂದು ಬದುಕುತ್ತದೆ. ಹೊಟ್ಟೆಂದರೆ ತಲೆ ಒಣಗಿದೆ ಎಂದುಕೊಂಡು ಇನ್ನಷ್ಟು ಎಣ್ಣೆ ಹಾಕುವುದು ಅದಕ್ಕೆ ಊಟ ಬಡಿಸಿದಂತೆ. ಕೀಟೋಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆರಡು ಸಲ ಹಚ್ಚಿ, 3-5 ನಿಮಿಷ ಬಿಟ್ಟು ತೊಳೆಯುವುದು ಪರೀಕ್ಷಿತ ದಾರಿ. ಚನ್ನಪಟ್ಟಣದ ಬೊಂಬೆ ಮಾಡುವ ಹಾಲೆ ಮರದ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟು ಹೊಟ್ಟಿಗೆ ಹಚ್ಚುವ ರೂಢಿ ಕೇರಳ, ತಮಿಳುನಾಡಿನಲ್ಲಿದೆ. ಎಣ್ಣೆ ಚೆಂದದ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬಂದ ಮಾತ್ರಕ್ಕೆ ಮದ್ದು ಎನ್ನಲಾಗದು.

ಈರುಳ್ಳಿ ರಸದ ಫಾರ್ವರ್ಡಿಗೂ ಒಂದು ಮೂಲವಿದೆ. 2002ರಲ್ಲಿ ಬಾಗ್ದಾದ್‌ನ ವೈದ್ಯರು ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನ. ಅದು ನಡೆದದ್ದು ನಾಣ್ಯದಗಲ ಕೂದಲು ಹೋಗುವ ಬೇರೆಯೇ ಕಾಯಿಲೆಯವರ ಮೇಲೆ. ಆ ಕಾಯಿಲೆಯಲ್ಲಿ ಎಷ್ಟೋ ಮಂದಿಗೆ ಕೂದಲು ತಾನಾಗಿಯೇ ವಾಪಸ್ ಬರುತ್ತದೆ. ಸಾಮಾನ್ಯ ಕೂದಲು ಉದುರುವಿಕೆಗೆ ಅದನ್ನು ಅನ್ವಯಿಸಲಾಗದು. ಮುಡಿ ತೆಗೆಸಿದರೆ ದಟ್ಟವಾಗಿ ಬರುತ್ತದೆ ಎಂಬ ಮಾತನ್ನಂತೂ 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ ಅಳೆದು ನೋಡಿ ಸುಳ್ಳೆಂದು ತೋರಿಸಿದ್ದರು. ತಿರುಪತಿಗೋ ಮಾದಪ್ಪನ ಬೆಟ್ಟಕ್ಕೋ ಹರಕೆಗೆ ಮುಡಿ ಕೊಡಿ, ದಟ್ಟ ಕೂದಲಿಗಾಗಿ ಬೇಡ.

ಬೇರಿನ ಕಡೆ ನೋಡೋಣ

ರೇಷ್ಮೆ ಹುಳು ಪೊರೆ ಬಿಡುವಾಗ ಅದಕ್ಕೆ ಜ್ವರ ಬಂದಿದೆ ಎನ್ನುತ್ತಾರೆ. ಆಗ ಅದು ಸೊಪ್ಪು ತಿನ್ನುವುದಿಲ್ಲ. ಕೂದಲಿನ ಬೇರೂ ಹೀಗೆ ಬಿಡುವು ತೆಗೆದುಕೊಳ್ಳುತ್ತದೆ. ತಲೆಯಲ್ಲಿರುವ ಸುಮಾರು ಒಂದು ಲಕ್ಷ ಕೂದಲಿನಲ್ಲಿ ಯಾವ ಹೊತ್ತಿಗೂ ಹತ್ತರಲ್ಲಿ ಒಂದು ಭಾಗ ಬಿಡುವಿನಲ್ಲಿರುತ್ತದೆ. ಸುಮಾರು ಮೂರು ತಿಂಗಳ ಬಿಡುವು ಮುಗಿದ ಮೇಲೆ ಹಳೆಯದು ಉದುರಿ ಹೊಸದು ಹುಟ್ಟುತ್ತದೆ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ. ವಾರಕ್ಕೊಮ್ಮೆ ತಲೆಸ್ನಾನ ಮಾಡುವವರಿಗೆ ಸಡಿಲವಾಗಿದ್ದ ಅಷ್ಟೂ ಕೂದಲು ಆ ಒಂದು ದಿನವೇ ಬಚ್ಚಲಲ್ಲಿ ಕಾಣುತ್ತದೆ, ಎದೆ ಧಸಕ್ಕೆನ್ನುತ್ತದೆ.

ಡೆಂಗಿ, ಟೈಫಾಯಿಡ್, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ದೊಡ್ಡ ಸಂಕಟ ಇಂಥದ್ದೇನಾದರೂ ಆದರೆ ಬಹಳಷ್ಟು ಬೇರುಗಳು ಒಟ್ಟಿಗೆ ಬಿಡುವಿಗೆ ಹೋಗುತ್ತವೆ. ಉದುರುವುದು ಕಾಣುವುದು ಎರಡು ಮೂರು ತಿಂಗಳ ನಂತರ. ಅಷ್ಟರಲ್ಲಿ ಜ್ವರ ಮರೆತಿರುತ್ತದೆ, ಹೋದ ವಾರ ಬದಲಿಸಿದ ಶಾಂಪೂ ಸಿಕ್ಕಿಬೀಳುತ್ತದೆ. ಮಾಗಡಿಯಿಂದ ಬೆಂಗಳೂರಿನ ಹಾಸ್ಟೆಲಿಗೆ ಹೋದ ಹುಡುಗಿ ಅಲ್ಲಿನ ನೀರನ್ನು ಬೈಯುತ್ತಾಳೆ. ನಿದ್ದೆ ಮತ್ತು ಊಟ ಕೆಟ್ಟಿದ್ದು ಲೆಕ್ಕಕ್ಕೆ ಬರುವುದಿಲ್ಲ. ಈ ಬಗೆಯ ಉದುರುವಿಕೆ ಬಹುತೇಕ ಆರು ತಿಂಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಯಾವ ಎಣ್ಣೆ ಹಚ್ಚುತ್ತಿದ್ದರೋ ಅದಕ್ಕೆ ಹೆಸರು ಬರುತ್ತದೆ.

ಹೆಂಗಸರಲ್ಲಿ ಹೆಚ್ಚು ಯೋಚಿಸಬೇಕಾದದ್ದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಇದೆ. ರಾಗಿ ತಿನ್ನುವವರಿಗೆ ಕಬ್ಬಿಣದ ಕೊರತೆ ಇಲ್ಲ ಎಂಬ ಮಾತು ಅರ್ಧ ಸತ್ಯ. ರಾಗಿಯಲ್ಲಿ ಧಾರಾಳವಾಗಿರುವುದು ಕ್ಯಾಲ್ಸಿಯಂ, 100 ಗ್ರಾಂಗೆ 350 ಮಿ.ಗ್ರಾಂ ಆಸುಪಾಸು. ಕಬ್ಬಿಣ 4 ಮಿ.ಗ್ರಾಂ ಆಸುಪಾಸು, ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪವೇ. ದೊಡ್ಡ ಹೆಂಗಸಿಗೆ ದಿನಕ್ಕೆ ಬೇಕಾದದ್ದು 29 ಮಿ.ಗ್ರಾಂ. ಮುದ್ದೆಯ ಜೊತೆ ಸೊಪ್ಪು, ಕಾಳು ಹಾಕಿದ ಬಸ್ಸಾರು, ಅದಕ್ಕೆ ನಿಂಬೆ ಹಿಂಡುವುದು, ತಿನ್ನುವವರಾದರೆ ಮೊಟ್ಟೆ, ಮಾಂಸ. ಊಟದ ಹಿಂದೆಯೇ ಟೀ ಕುಡಿಯದಿರುವುದು. ಇದರಿಂದ ಬೇರಿಗೆ ಸಿಗುವಷ್ಟು ಯಾವ ಬಾಟಲಿಯಿಂದಲೂ ಸಿಗದು.

ಊಟ ಬೇರಿಗೆ ಎಷ್ಟು ನೇರವಾಗಿ ತಟ್ಟುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯನ್ನು ನೋಡಿ. 2024ರ ಕೊನೆ, 2025ರ ಆರಂಭದಲ್ಲಿ ಶೇಗಾಂವ್ ಸುತ್ತಿನ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ಜನರ ತಲೆ ಬೋಳಾಯಿತು. ಮೊದಲು ಎಲ್ಲರೂ ದೂರಿದ್ದು ನೀರನ್ನೇ. ಆಮೇಲೆ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಅಲ್ಲಿನ ಜನ ತಿನ್ನುತ್ತಿದ್ದ ಗೋಧಿಯಲ್ಲಿ ಸೆಲೆನಿಯಂ ಅತಿಯಾಗಿತ್ತು ಎಂದು ತೋರಿಸಿದರು. ಸೆಲೆನಿಯಂ ಮೈಗೆ ಬೇಕು, ಆದರೆ ತೀರಾ ಸ್ವಲ್ಪ. 'ಹೇರ್ ವಿಟಮಿನ್' ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗುವವರು ಆ ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಸೆಲೆನಿಯಂ ಎಷ್ಟಿದೆ ಎಂದು ಒಮ್ಮೆ ಓದಬೇಕು.

ದಿನಚರಿ ಎಂದರೆ ಇಷ್ಟೇ

ಜಿಡ್ಡಿನ ತಲೆಯವರು ವಾರಕ್ಕೆ ಎರಡು ಮೂರು ಸಲ, ಒಣ ಕೂದಲಿನವರು ಒಂದೆರಡು ಸಲ ತಲೆ ತೊಳೆಯಲಿ. ನೊರೆ ಬುಡಕ್ಕೆ, ಕಂಡಿಷನರ್ ತುದಿಗೆ. ಒದ್ದೆ ಕೂದಲು ಹಿಗ್ಗಿ ಬೇಗ ಮುರಿಯುತ್ತದೆ, ಆದ್ದರಿಂದ ಟವೆಲಿನಿಂದ ಬಡಿಯದೆ ಒತ್ತಿ ಒರೆಸಿ, ಅರೆ ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ಹಣೆಯ ಕಡೆ ಎಳೆದು ಬಿಗಿಯಾಗಿ ಹಾಕುವ ಜಡೆ, ಜುಟ್ಟು ವರ್ಷಗಟ್ಟಲೆ ಮುಂದುವರಿದರೆ ಅಲ್ಲಿನ ಬೇರೇ ಸಾಯುತ್ತದೆ. ಶಾಲೆಗೆ ಹೋಗುವ ಹೆಣ್ಣುಮಕ್ಕಳ ತಾಯಂದಿರು ಇದನ್ನು ಗಮನಿಸಬೇಕು.

ಬೈತಲೆ ಅಗಲವಾಗುತ್ತಾ ಹೋದರೆ, ನಾಣ್ಯದಗಲ ಬೋಳಾದರೆ, ತಲೆಯಲ್ಲಿ ಕೀವು ನೋವು ಇದ್ದರೆ, ಅಥವಾ ಉದುರುವುದು ಆರು ತಿಂಗಳಾದರೂ ನಿಲ್ಲದಿದ್ದರೆ ಚರ್ಮವೈದ್ಯರನ್ನು ನೋಡಿ. ಅವರು ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯಿಡ್ ಪರೀಕ್ಷೆ ಬರೆಯಬಹುದು. ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿಬಿಡಿ. ಅದು ಥೈರಾಯಿಡ್ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು.