ನೇರಳಾತೀತದ ಕಣ್ಣು ಮುಚ್ಚದಿರಲಿ

ನಮ್ಮ ಆಕಾಶಗಂಗೆಯ ಸುತ್ತ ೧೫೦ಕ್ಕೂ ಹೆಚ್ಚು ಗೋಳಗುಚ್ಛಗಳುಂಟು. ಒಂದೊಂದು ಗುಚ್ಛವೂ ಲಕ್ಷಗಟ್ಟಲೆ ನಕ್ಷತ್ರಗಳು ಚೆಂಡಿನಂತೆ ಒತ್ತೊತ್ತಾಗಿ ಕೂಡಿದ ಕುಟುಂಬ. ಇವುಗಳಲ್ಲಿ ಹಲವಕ್ಕೆ ೧,೨೦೦ ಕೋಟಿ ವರ್ಷಗಳಷ್ಟು ವಯಸ್ಸಾಗಿದೆ. ಒಂದು ಗುಚ್ಛದ ತಾರೆಗಳೆಲ್ಲವೂ ಹೆಚ್ಚುಕಡಿಮೆ ಏಕಕಾಲದಲ್ಲಿ ಹುಟ್ಟಿದವು. ಭಾರವಾದ ತಾರೆ ಬಿಸಿಯಾಗಿ, ನೀಲಿಯಾಗಿ ಬೆಳಗುತ್ತದೆ. ತನ್ನ ಜಲಜನಕವನ್ನು ಬೇಗನೆ ತೀರಿಸಿಬಿಡುತ್ತದೆ. ಹೀಗಿರಲು, ಇಷ್ಟು ಮುದಿಯಾದ ಗುಚ್ಛದಲ್ಲಿ ಭಾರವಾದ ನೀಲಿ ತಾರೆಗಳು ಎಂದೋ ಮುಗಿದುಹೋಗಿರಬೇಕಲ್ಲವೆ?

ಆದರೆ ೧೯೫೩ರಲ್ಲಿ ಅಮೆರಿಕದ ಅಲನ್ ಸ್ಯಾಂಡೇಜ್ ಎಂಬ ಖಗೋಳಜ್ಞರು ಮೆಸಿಯೆ-೩ ಎಂಬ ಗುಚ್ಛದಲ್ಲಿ, ಇರಕೂಡದ ಇಂಥ ಕೆಲವು ತಾರೆಗಳನ್ನು ಗುರುತಿಸಿದರು. ಒಡಹುಟ್ಟಿದವು ಮುಪ್ಪಿನತ್ತ ಸಾಗಿದ್ದರೂ ತಾವು ಯೌವನದಲ್ಲೇ ಹಿಂದುಳಿದಂತೆ ತೋರುವುದರಿಂದ ಇವಕ್ಕೆ ‘ಬ್ಲೂ ಸ್ಟ್ರಾಗ್ಲರ್’, ಎಂದರೆ ‘ಹಿಂದುಳಿದ ನೀಲಿ ತಾರೆ’ ಎಂಬ ಹೆಸರು ಬಂದಿತು. ಇವುಗಳ ಯೌವನ ಎರವಲಿನದು. ಯಮಳ ತಾರೆಗಳಲ್ಲಿ ಒಂದು ತನ್ನ ಜೊತೆಗಾರನ ದ್ರವ್ಯವನ್ನು ಹೀರಿಕೊಂಡು ಮರಳಿ ಪ್ರಾಯ ಪಡೆಯಬಹುದೆಂದು ೧೯೬೪ರಲ್ಲಿ ಮ್ಯಾಕ್ರೇ ಎಂಬ ವಿಜ್ಞಾನಿ ಸೂಚಿಸಿದರು. ಕಿಕ್ಕಿರಿದ ಗರ್ಭದಲ್ಲಿ ಎರಡು ತಾರೆಗಳು ಡಿಕ್ಕಿ ಹೊಡೆದು ಒಂದಾಗಬಹುದೆಂಬುದು ಇನ್ನೊಂದು ವಿವರಣೆ.

ಇವನ್ನು ಒರೆಗೆ ಹಚ್ಚಬೇಕಾದರೆ ಗುಚ್ಛದ ಗರ್ಭವನ್ನೇ ನೋಡಬೇಕು. ಅಲ್ಲಿಯೇ ತೊಡಕು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಲ್ಲಿ ಕೆಂಪು ದೈತ್ಯತಾರೆಗಳದೇ ಅಬ್ಬರ. ಜಾತ್ರೆಯ ಪೆಟ್ರೋಮ್ಯಾಕ್ಸ್ ದೀಪಗಳ ನಡುವೆ ಹಣತೆಯನ್ನು ಹುಡುಕಿದಂತೆ! ನೇರಳಾತೀತ ಕಿರಣಗಳಲ್ಲಿ ನೋಡಿದರೆ ತಣ್ಣಗಿರುವ ಕೆಂಪು ದೈತ್ಯಗಳು ಮಂಕಾಗುತ್ತವೆ, ಬಿಸಿಯಾದ ನೀಲಿ ತಾರೆಗಳು ಎದ್ದು ಕಾಣುತ್ತವೆ. ಆದರೆ ನಮ್ಮನ್ನು ಕಾಪಾಡುವ ಓಜೋನ್ ಪದರವೇ ಈ ಕಿರಣಗಳಲ್ಲಿ ಹೆಚ್ಚಿನವನ್ನು ತಡೆಯುತ್ತದೆ. ಆದುದರಿಂದ ದೂರದರ್ಶಕವು ವಾಯುಮಂಡಲದ ಆಚೆಗೇ ಹೋಗಬೇಕು.

೧೯೯೦ರಲ್ಲಿ ಮೇಲೇರಿದ ಹಬಲ್ ದೂರದರ್ಶಕವು ಮರುವರ್ಷವೇ, ದಕ್ಷಿಣಾಕಾಶದ ‘೪೭ ಟುಕಾನೆ’ ಗುಚ್ಛದ ಗರ್ಭದಲ್ಲಿ ಇಂಥ ತಾರೆಗಳನ್ನು ತೋರಿಸಿಕೊಟ್ಟಿತು. ೧೯೯೭ರಲ್ಲಿ ಅವುಗಳಲ್ಲೊಂದರ ದ್ರವ್ಯರಾಶಿಯನ್ನು ಅಳೆದಾಗ, ಅದು ಸೂರ್ಯನ ಸುಮಾರು ೧.೭ರಷ್ಟಿತ್ತು. ಆ ಗುಚ್ಛದಲ್ಲಿ ಇನ್ನೂ ಜಲಜನಕವನ್ನು ಉರಿಸುತ್ತಿರುವ ಸಾಮಾನ್ಯ ತಾರೆಗಳಲ್ಲಿ ಅತಿ ಭಾರವಾದವುಗಳಿಗೆ ಹೋಲಿಸಿದರೂ ಇದು ಸರಿಸುಮಾರು ಇಮ್ಮಡಿ. ಒಂಟಿಯಾಗಿ ಹುಟ್ಟಿ ಬೆಳೆದ ತಾರೆಗೆ ಇಷ್ಟು ಭಾರ ಸಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು.

ಈ ಶೋಧದಲ್ಲಿ ನಮ್ಮ ನಾಡಿಗೂ ಪಾಲಿದೆ. ೨೦೧೫ರ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟದಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವನ್ನು ಜೋಡಿಸಿದುದು ಹೊಸಕೋಟೆಯಲ್ಲಿ, ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ. ಅದರ ಕನ್ನಡಿಗಳ ವ್ಯಾಸ ಕೇವಲ ೩೭.೫ ಸೆಂಟಿಮೀಟರ್, ಹಬಲಿನ ಕನ್ನಡಿಯಾದರೋ ೨.೪ ಮೀಟರ್. ಆದರೂ ಈ ಪುಟ್ಟ ಉಪಕರಣದ ನೆರವಿನಿಂದ, ‘ಎನ್.ಜಿ.ಸಿ. ೫೪೬೬’ ಗುಚ್ಛದ ಹೊರಅಂಚಿನ ಒಂದು ನೀಲಿ ತಾರೆಗೆ ಶ್ವೇತಕುಬ್ಜ ತಾರೆಯೊಂದು ಜೊತೆಗಿರುವುದನ್ನು ಭಾರತೀಯ ವಿಜ್ಞಾನಿಗಳು ೨೦೧೯ರಲ್ಲಿ ಪ್ರಕಟಿಸಿದರು. ತನ್ನ ಹೊರಪದರವನ್ನು ಜೊತೆಗಾರನಿಗೆ ಒಪ್ಪಿಸಿ ಉಳಿದ ಬರಿಯ ತಿರುಳೇ ಆ ಕುಬ್ಜ. ಎರವಲು ಕೊಟ್ಟವನೇ ಸಾಕ್ಷಿಗೆ ಸಿಕ್ಕಂತಾಯಿತು.

ಆದರೆ ಗುಚ್ಛದ ಗರ್ಭದಲ್ಲಿ ತಾರೆಗಳನ್ನು ಬಿಡಿಬಿಡಿಯಾಗಿ ಕಾಣಲು ಇಷ್ಟು ಚಿಕ್ಕ ಕನ್ನಡಿ ಸಾಲದು. ಹಬಲಿಗೆ ಕೊನೆಯ ದುರಸ್ತಿಯಾದುದು ೨೦೦೯ರಲ್ಲಿ. ೨೦೨೧ರಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕವು ಎಷ್ಟೇ ದೊಡ್ಡದಾಗಿರಲಿ, ಅದು ನೋಡುವುದು ಮುಖ್ಯವಾಗಿ ಅವಕೆಂಪು ಕಿರಣಗಳನ್ನು. ನೇರಳಾತೀತಕ್ಕೆ ಅದು ಕುರುಡು. ಆಸ್ಟ್ರೋಸ್ಯಾಟಿನ ಎರಡು ನೇರಳಾತೀತ ವಿಭಾಗಗಳಲ್ಲಿ ಒಂದು ೨೦೧೮ರಲ್ಲಿಯೇ ಕೆಲಸ ನಿಲ್ಲಿಸಿತು. ಆದುದರಿಂದ ಬೆಂಗಳೂರಿನ ಅದೇ ಸಂಸ್ಥೆ ಮುಂದಿಟ್ಟಿರುವ, ಒಂದು ಮೀಟರ್ ದರ್ಜೆಯ ಕನ್ನಡಿಯ ‘ಇನ್‌ಸಿಸ್ಟ್’ ಯೋಜನೆ ಕಾಗದದಿಂದ ಕಕ್ಷೆಗೆ ಏರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ದೂರದ ತಾರೆಗಳಿಗಾಗಿ ಇಷ್ಟು ವೆಚ್ಚವೇಕೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ನೇರಳಾತೀತದ ಕನ್ನಡಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಮಾಲಿನ್ಯ ಕೂತರೂ ಬೆಳಕು ಕುಂದುತ್ತದೆ. ಅಂಥ ಶುಚಿತ್ವದಲ್ಲಿ ಉಪಕರಣ ಕಟ್ಟುವ ಕುಶಲತೆ ಪುಸ್ತಕದಿಂದ ಬರುವಂಥದಲ್ಲ. ಕೈಯಿಂದ ಕೈಗೆ ದಾಟಬೇಕಾದುದು. ಎರಡು ಯೋಜನೆಗಳ ನಡುವೆ ದೀರ್ಘಕಾಲ ಕಳೆದರೆ ಕಲಿತವರು ನಿವೃತ್ತರಾಗುತ್ತಾರೆ, ಕಲಿಯಬೇಕಾದವರು ಬೇರೆ ದಾರಿ ಹಿಡಿಯುತ್ತಾರೆ. ಆಗ ಮೊದಲಿನಿಂದ ಕಲಿಯುವ ವೆಚ್ಚ ಇನ್ನೂ ಹೆಚ್ಚು. ಗಳಿಸಿದ ವಿದ್ಯೆಯನ್ನು ಕಳೆದುಕೊಳ್ಳುವುದು ಮಿತವ್ಯಯವೆನಿಸದು.

ವಿದ್ಯಾರ್ಥಿಗಳು ಅದುವರೆಗೆ ಕೈಕಟ್ಟಿ ಕೂರಬೇಕಿಲ್ಲ. ಆಸ್ಟ್ರೋಸ್ಯಾಟಿನ ಅವಲೋಕನಗಳ ಭಂಡಾರವು ೨೦೧೮ರಿಂದ ಸಾರ್ವಜನಿಕರಿಗೆ ತೆರೆದಿದೆ. ನಿಯಮಕ್ಕೆ ಒಗ್ಗದ ಕೆಲವು ಚುಕ್ಕೆಗಳನ್ನು ಸ್ಯಾಂಡೇಜರು ಅಳತೆಯ ದೋಷವೆಂದು ಅಳಿಸಿಹಾಕಲಿಲ್ಲ. ಆದುದರಿಂದಲೇ ತಾರೆಗಳ ಕೊಡುಕೊಳೆಯ ಕಥೆ ನಮಗೆ ತಿಳಿಯಿತು. ಅಂಥ ಚುಕ್ಕೆಗಳು ಆ ಭಂಡಾರದಲ್ಲಿ ಇನ್ನೆಷ್ಟಿವೆಯೋ! ಅವನ್ನು ಹುಡುಕುವ ಕಣ್ಣುಗಳು ನಮ್ಮ ಕಾಲೇಜುಗಳಲ್ಲಿ ತಯಾರಾಗಲಿ. ಆ ಕಣ್ಣುಗಳಿಗೆ ತಕ್ಕ ದೂರದರ್ಶಕವನ್ನು ನಾಡು ಒದಗಿಸಲಿ.