ಮುದ್ರೆಯ ಹಿಂದಿನ ಕೈಗಳು

ಬೇಲೂರು ತಾಲ್ಲೂಕಿನ ಅರೇಹಳ್ಳಿಗೆ ಕೊಯ್ಲಿನ ಕಾಲದಲ್ಲಿ ಹೋದವರು, ಕಾಫಿ ಮೂಟೆಗಳನ್ನು ಹೇರಿಕೊಂಡು ಏದುಸಿರಿಡುತ್ತ ಏರು ಹತ್ತುವ ಲಾರಿಗಳನ್ನು ಕಂಡಿರುತ್ತಾರೆ. ಡೀಸೆಲ್ ಪಂಪು ತಕ್ಕ ಗಳಿಗೆಯಲ್ಲಿ, ತಕ್ಕಷ್ಟೇ ಎಣ್ಣೆಯನ್ನು ಭಾರಿ ಒತ್ತಡದಿಂದ ಎಂಜಿನ್ನಿನೊಳಕ್ಕೆ ಚಿಮ್ಮಿಸದಿದ್ದರೆ ಅಂಥ ಲಾರಿಯೊಂದೂ ಅಲುಗದು. ಈ ಪಂಪಿನ ವಿಚಾರದಲ್ಲಿ ಕನ್ನಡಿಗರಿಗೆ ಮನೆಮಾತಾಗಿದ್ದ ಹೆಸರು ‘ಮೈಕೋ’. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯ ಕಿರುಹೆಸರದು. ಅದರ ಮೂಲ ಜರ್ಮನಿಯ ಬಾಷ್ ಸಂಸ್ಥೆ. 2008ರಿಂದ ಇಲ್ಲಿಯೂ ಅದೇ ಹೆಸರು.

ಹೆಸರನ್ನು ಎಲ್ಲರೂ ಬಲ್ಲರು. ಅದರ ಹಿಂದಿನ ಕಥೆಯನ್ನು ಬಲ್ಲವರು ವಿರಳ.

ಎರಡನೆಯ ಮಹಾಯುದ್ಧದ ಬಿಸಿ ಕಾಫಿಯ ಸೀಮೆಗೂ ತಟ್ಟಿತ್ತು. ಯುರೋಪಿನ ಮಾರುಕಟ್ಟೆ ಮುಚ್ಚಿ, ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟರು. ಕಾಫಿ ಮಂಡಲಿಗೆ ಆಧಾರವಾದ 1942ರ ಶಾಸನವು ಆ ಸಂಕಟದ ಕೂಸು. ಅದೇ ವರ್ಷಗಳಲ್ಲಿ ಬಾಷ್ ಕಾರ್ಖಾನೆಗಳು ಹಿಟ್ಲರನ ಸೈನ್ಯಕ್ಕಾಗಿ ಹಗಲಿರುಳು ದುಡಿಯುತ್ತಿದ್ದವು. ದುಡಿಯುವ ಕೈಗಳು ಸಾಲದಾದಾಗ ಪರದೇಶಗಳಿಂದ ಜನರನ್ನು ಹಿಡಿದು ತರಲಾಯಿತು. ಹೀಗೆ ಬಲವಂತದ ದುಡಿಮೆಗೆ ಸಿಕ್ಕಿದವರು ಸುಮಾರು 20,000 ಮಂದಿ. ಬರ್ಲಿನ್ನಿನ ಬಳಿಯ ಕ್ಲೈನ್‌ಮಾಖ್ನೋವ್‌ನಲ್ಲಿದ್ದ ಅಂಗಸಂಸ್ಥೆಯ ಕಾರ್ಖಾನೆಯೊಂದರಲ್ಲಿ, 1944ರ ವಾರ್ಸಾ ಬಂಡಾಯದ ತರುವಾಯ ಸೆರೆಯಾದ ಪೋಲೆಂಡಿನ ನೂರಾರು ಹೆಣ್ಣುಮಕ್ಕಳು ಯುದ್ಧವಿಮಾನಗಳ ಬಿಡಿಭಾಗಗಳ ಕೆಲಸಕ್ಕೆ ನಿಂತರು. ಅವರು ಕೂಲಿಯಾಳುಗಳಲ್ಲ, ಬಂದಿಗಳು.

ಇಷ್ಟನ್ನೇ ಕೇಳಿದರೆ ತೀರ್ಪು ಸುಲಭವೆನಿಸೀತು. ಆದರೆ ಕಥೆಗೆ ಇನ್ನೊಂದು ಮಗ್ಗುಲುಂಟು. ಸಂಸ್ಥಾಪಕ ರಾಬರ್ಟ್ ಬಾಷ್ ಹಿಟ್ಲರನ ಆಳ್ವಿಕೆಯನ್ನು ಒಪ್ಪಿದವನಲ್ಲ. ಆ ಆಳ್ವಿಕೆಯ ವಿರೋಧಿಯಾದ ಕಾರ್ಲ್ ಗೋರ್ಡೆಲರನಿಗೆ 1937ರಲ್ಲಿ ಸಲಹೆಗಾರನ ಹುದ್ದೆ ಕೊಟ್ಟು ಆಶ್ರಯವಿತ್ತನು. ಹಿಟ್ಲರನನ್ನು ಉರುಳಿಸುವ ಸಂಚಿನಲ್ಲಿ ಸೇರಿದ ಗೋರ್ಡೆಲರನನ್ನು 1945ರಲ್ಲಿ ಗಲ್ಲಿಗೇರಿಸಲಾಯಿತು. 1942ರಲ್ಲಿ ಬಾಷ್ ತೀರಿಕೊಂಡಾಗ ಅದೇ ಸರ್ಕಾರವು ರಾಜಮರ್ಯಾದೆಯೊಡನೆ ಅಂತ್ಯಕ್ರಿಯೆ ನಡೆಸಿತು! ಅವನ ಉತ್ತರಾಧಿಕಾರಿ ಹಾನ್ಸ್ ವಾಲ್ಜ್ ನಾಟ್ಸಿ ಪಕ್ಷದ ಸದಸ್ಯ. ಆದರೂ ಗುಟ್ಟಾಗಿ ಯೆಹೂದ್ಯರಿಗೆ ನೆರವಾದುದಕ್ಕಾಗಿ 1969ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಅವನನ್ನು ಗೌರವಿಸಿತು.

ಹಾಗಾದರೆ ಪುಣ್ಯದಿಂದ ಪಾಪವನ್ನು ಕಳೆದು ಲೆಕ್ಕ ಮುಗಿಸಬಹುದೆ? ಸಾಧ್ಯವಿಲ್ಲ. ಗುಟ್ಟಾಗಿ ಕೆಲವರನ್ನು ಉಳಿಸಿದ ಮೇಜಿನಿಂದಲೇ ಯುದ್ಧದ ಸರಕಿಗೆ ಒಪ್ಪಿಗೆಯೂ ಹೊರಟಿತ್ತು. ಉಳಿದವರ ಕೃತಜ್ಞತೆ ವಾರ್ಸಾದ ಹೆಣ್ಣುಮಕ್ಕಳ ಕಣ್ಣೀರನ್ನು ಒರೆಸದು.

ಜರ್ಮನ್ ಸರ್ಕಾರ ಮತ್ತು ಉದ್ಯಮಗಳು ಸಮಪಾಲಿನಲ್ಲಿ 1000 ಕೋಟಿ ಮಾರ್ಕುಗಳ ಪರಿಹಾರನಿಧಿಯನ್ನು ಏರ್ಪಡಿಸಿದ್ದು 2000ರಲ್ಲಿ. 2007ರ ವೇಳೆಗೆ 16 ಲಕ್ಷಕ್ಕೂ ಮಿಕ್ಕ ಜನರಿಗೆ ಹಣ ಸಂದಿತು. ಅಷ್ಟರಲ್ಲಿ ಅರ್ಧ ಶತಮಾನವೇ ಉರುಳಿತ್ತು. ಪಡೆಯಬೇಕಾದವರಲ್ಲಿ ಬಹುಮಂದಿ ಮಣ್ಣಾಗಿದ್ದರು. ಬಾಷ್ ಸಂಸ್ಥೆಯ ಚರಿತ್ರೆಯನ್ನು ಬೇರ್ ಮತ್ತು ಎರ್ಕರ್ ಎಂಬ ಇತಿಹಾಸಕಾರರು ಬರೆದು ಪ್ರಕಟಿಸಿದ್ದು 2013ರಲ್ಲಿ. ಅದರಲ್ಲಿ ಈ ಬಲವಂತದ ದುಡಿಮೆಯ ಅಧ್ಯಾಯವೂ ಸೇರಿತು.

ಇದನ್ನು ತಿಳಿದ ಮಾತ್ರಕ್ಕೆ ಅರೇಹಳ್ಳಿಯ ಬೆಳೆಗಾರನು ಪಂಪನ್ನು ಕಿತ್ತೆಸೆಯಬೇಕಿಲ್ಲ. ಆಡುಗೋಡಿಯಲ್ಲಿ ದುಡಿದು ಸಂಸಾರ ಸಾಕಿದವರ ಬೆವರಿಗೂ ಅದರಿಂದ ಕಳಂಕವಿಲ್ಲ. ಆದರೆ ಲೋಹದ ಮೇಲೆ ಕೊರೆದ ಮುದ್ರೆಯು ಒಡೆಯನ ಹೆಸರನ್ನಷ್ಟೇ ಹೇಳುತ್ತದೆ. ದುಡಿದ ಕೈಗಳ ಹೆಸರನ್ನು ಹೇಳುವುದಿಲ್ಲ. ಅವುಗಳನ್ನು ನೆನೆಯುವ ಹೊಣೆ, ಆ ಹೆಸರನ್ನು ನಂಬಿ ಹಣ ತೆರುವ ಮನೆಮನೆಗೂ ಸೇರಿದ್ದು.